ಸಿಡುಬಿಗೆ ಲೆಕ್ಕ ಹಾಕಿದ ಡೇನಿಯಲ್ ಬರ್ನೌಲಿ

ವಿಜ್ಞಾನ ಓದಿದ ನಿಮಗೆ ಬರ್ನೌಲಿ ತತ್ವ ಗೊತ್ತು. ಹರಿಯುವ ದ್ರವದ ವೇಗ ಹೆಚ್ಚಿದರೆ ಒತ್ತಡ ಇಳಿಯುತ್ತದೆ ಎಂದು ಬರೆದು ಅಂಕ ಪಡೆದಿದ್ದೀರಿ. ಆದರೆ ಆ ಬರ್ನೌಲಿ ಪದವಿ ಪಡೆದದ್ದು ವೈದ್ಯಶಾಸ್ತ್ರದಲ್ಲಿ ಎಂಬುದನ್ನು ಬಲ್ಲಿರಾ?

ಡೇನಿಯಲ್ ಬರ್ನೌಲಿ 1700ರಲ್ಲಿ ಹಾಲೆಂಡಿನ ಗ್ರೊನಿಂಗೆನ್‌ನಲ್ಲಿ ಜನಿಸಿದರು. ಮನೆತನ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ್ದು. ತಂದೆ ಯೋಹಾನ್ ಸ್ವತಃ ದೊಡ್ಡ ಗಣಿತಜ್ಞರು. ಆದರೂ ಮಗ ಮೊದಲು ವ್ಯಾಪಾರಕ್ಕೆ, ಆಮೇಲೆ ವೈದ್ಯಕೀಯಕ್ಕೆ ಸೇರಲೆಂದು ಹಟ ಹಿಡಿದರು. (ಇಂದಿನ ಪಾಲಕರನ್ನಷ್ಟೇ ದೂರಬೇಡಿ!) 1721ರಲ್ಲಿ ಉಸಿರಾಟದ ಬಗ್ಗೆ ಪ್ರಬಂಧ ಬರೆದು ಡೇನಿಯಲ್ ಪದವಿ ಪಡೆದರು. ರಷ್ಯಾದಲ್ಲಿ ಕೆಲವು ವರ್ಷ ದುಡಿದು 1733ರಲ್ಲಿ ಬಾಸೆಲ್‌ಗೆ ಮರಳಿದರು.

ಆಗ ಯುರೋಪಿನಲ್ಲಿ ಸಿಡುಬು ಮನೆಮನೆಯ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿತ್ತು. ರೋಗಿಯ ಗುಳ್ಳೆಯ ಕೀವನ್ನು ಆರೋಗ್ಯವಂತರ ಚರ್ಮ ಗೀರಿ ತಾಗಿಸುವ ಪದ್ಧತಿ ತುರ್ಕಿಯಲ್ಲಿತ್ತು. ಅಲ್ಲಿ ಅದನ್ನು ಕಂಡ ಲೇಡಿ ಮೇರಿ ಮಾಂಟೆಗು 1721ರಲ್ಲಿ ಲಂಡನ್ನಿನಲ್ಲಿ ತಮ್ಮ ಮಗಳಿಗೆ ಮಾಡಿಸಿದರು. ಹೀಗೆ ಮಾಡಿದರೆ ಸಿಡುಬು ಹಗುರವಾಗಿ ಬಂದು ಹೋಗುತ್ತಿತ್ತು, ಮತ್ತೆ ಬರುತ್ತಿರಲಿಲ್ಲ. ಆದರೆ ಕೆಲವರು ಅದರಿಂದಲೇ ಸಾಯುತ್ತಿದ್ದರು. ಆ ಮಗುವಿನ ತಂದೆ ಅಥವಾ ತಾಯಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಬರ್ನೌಲಿ ಈ ಪ್ರಶ್ನೆಯನ್ನು ಗಣಿತಕ್ಕೆ ಒಪ್ಪಿಸಿದರು. ಜನರನ್ನು ಎರಡು ಗುಂಪು ಮಾಡಿದರು: ಸಿಡುಬು ಇನ್ನೂ ಬಾರದವರು, ಬಂದು ಬದುಕಿ ರೋಗನಿರೋಧಕ ಶಕ್ತಿ ಪಡೆದವರು. ಬಾರದವರಲ್ಲಿ ವರ್ಷಕ್ಕೆ 8ರಲ್ಲಿ ಒಬ್ಬರಿಗೆ ರೋಗ ತಗಲುತ್ತದೆ, ತಗಲಿದ 8ರಲ್ಲಿ ಒಬ್ಬರು ಸಾಯುತ್ತಾರೆ ಎಂದು ಇಟ್ಟುಕೊಂಡು, ಹ್ಯಾಲಿಯವರ ಜನನ-ಮರಣ ಕೋಷ್ಟಕದ ಮೇಲೆ ಸಮೀಕರಣ ಕಟ್ಟಿದರು. ಸಿಡುಬು ಇಲ್ಲವಾದರೆ ಸರಾಸರಿ ಆಯುಸ್ಸು 26 ವರ್ಷ 7 ತಿಂಗಳಿಂದ 29 ವರ್ಷ 9 ತಿಂಗಳಿಗೆ ಏರುತ್ತದೆಂದು ಕಂಡಿತು. ಕೀವು ತಾಗಿಸಿಕೊಂಡ 200 ಮಂದಿಯಲ್ಲಿ ಒಬ್ಬರು ಸತ್ತರೂ ಈ ಲಾಭದಲ್ಲಿ ಕಡಿಮೆಯಾಗುವುದು ಒಂದೆರಡು ತಿಂಗಳು ಮಾತ್ರ. 1760ರಲ್ಲಿ ಇದನ್ನು ಪ್ಯಾರಿಸ್ ಅಕಾಡೆಮಿಯ ಮುಂದಿಟ್ಟರು.

ಗಣಿತಜ್ಞ ಡಾಲೆಂಬರ್ಟ್ ಒಪ್ಪಲಿಲ್ಲ. ಚಿಕಿತ್ಸೆಯ ಅಪಾಯ ಇಂದೇ ಎದುರಾಗುತ್ತದೆ, ಲಾಭವಾದರೋ ಬದುಕಿನ ಕೊನೆಗೆ ಸಿಗುವ ವರ್ಷಗಳು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ ಎಂಬುದು ಅವರ ತಕರಾರು. ಅವರೂ ಈ ಚಿಕಿತ್ಸೆಯ ವಿರೋಧಿಯಲ್ಲ. ಆಕ್ಷೇಪದಲ್ಲಿ ತಿರುಳಿದೆ ಎಂದೇ ನನಗನಿಸುತ್ತದೆ. ಮಗುವಿನ ತೊಟ್ಟಿಲ ಬಳಿ ನಿಂತ ತಾಯಿಗೆ ಸರಾಸರಿ ಲೆಕ್ಕದಿಂದ ಏನು ಸಮಾಧಾನ?

1774ರಲ್ಲಿ ಫ್ರಾನ್ಸಿನ ದೊರೆ ಹದಿನೈದನೇ ಲೂಯಿ ಸಿಡುಬಿನಿಂದಲೇ ತೀರಿಕೊಂಡರು. ಮರುತಿಂಗಳೇ ಹೊಸ ದೊರೆ ಈ ಚಿಕಿತ್ಸೆ ಮಾಡಿಸಿಕೊಂಡರು.

ರೋಗನಿರೋಧಕ ಜೀವಕೋಶಗಳ ಸುಳಿವೂ ಬರ್ನೌಲಿಗೆ ಇರಲಿಲ್ಲ. ಇಂದು ವಿಜ್ಞಾನಿಗಳು ನಮ್ಮ ರಕ್ತದ ಟಿ-ಕೋಶಗಳನ್ನೂ ಹೀಗೆಯೇ ಗುಂಪು ಮಾಡಿ, ದಿನಕ್ಕೆ ಎಷ್ಟು ಹುಟ್ಟುತ್ತವೆ, ಎಷ್ಟು ಸಾಯುತ್ತವೆ, ಅವುಗಳ ಆರ್ಭಟವನ್ನು ನಿಯಂತ್ರಕ ಕೋಶಗಳು ಎಷ್ಟು ತಡೆಯುತ್ತವೆ ಎಂದು ಸಮೀಕರಣ ಬರೆಯುತ್ತಾರೆ.

ಬರ್ನೌಲಿ 1782ರಲ್ಲಿ ಬಾಸೆಲ್‌ನಲ್ಲಿ ನಿಧನರಾದರು. ಜೆನ್ನರ್ ಗೋಸಿಡುಬಿನ ಲಸಿಕೆ ಹಾಕಿದ್ದು ಅದಾದ 14 ವರ್ಷಗಳ ಬಳಿಕ.