ದೇವರಾಜ ಅರಸು: ಭೂಮಿ ಉಳಿಯಿತು, ಪಕ್ಷ ಉಳಿಯಲಿಲ್ಲ



ರಜೆಗೆ ಊರಿಗೆ ಹೋದಾಗ ಹಿರಿಯರ ಜೊತೆ ಜಗಲಿಯಲ್ಲಿ ಕೂತು ಗದ್ದೆ, ತೋಟದ ಮಾತು ತೆಗೆದರೆ ಒಂದು ಹೆಸರು ಬಂದೇ ಬರುತ್ತದೆ. ಅದು ಡಿ. ದೇವರಾಜ ಅರಸು ಅವರದು. ಅವರಿಂದ ನಮಗೆ ಭೂಮಿ ಬಂತು ಎನ್ನುವ ಮನೆಗಳಿವೆ, ಅವರಿಂದ ನಮ್ಮ ಭೂಮಿ ಹೋಯಿತು ಎನ್ನುವ ಮನೆಗಳೂ ಇವೆ. ಪರದೇಶಕ್ಕೆ ಬಂದ ನಮ್ಮಲ್ಲಿ ಎರಡೂ ಬಗೆಯ ಮನೆಯವರಿದ್ದೇವೆ. ಆದರೆ ಅಷ್ಟು ದೊಡ್ಡ ಕೆಲಸ ಮಾಡಿದ ಮನುಷ್ಯ ಸ್ವಂತ ಪಕ್ಷ ಕಟ್ಟಲು ಹೋಗಿ ಸೋತದ್ದು ಇಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಗೊತ್ತಿರುವುದು ಕಡಿಮೆ.

ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು, ಮೈಸೂರು ಜಿಲ್ಲೆಯ ಹುಣಸೂರು ತಾಲೂಕಿನ ಕಲ್ಲಹಳ್ಳಿಯಲ್ಲಿ. ಓದು ಮುಗಿಸಿ ಊರಿಗೆ ಮರಳಿ ಬೇಸಾಯಕ್ಕಿಳಿದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ದೊಡ್ಡ ನಾಯಕರು ನಿಜಲಿಂಗಪ್ಪನವರ ಜೊತೆಗಿದ್ದರೆ, ಅರಸು ಇಂದಿರಾ ಗಾಂಧಿಯವರ ಜೊತೆ ನಿಂತರು. 1972ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿಯಾದರು.

ಅವರ ಸಮುದಾಯ ಬಹಳ ಚಿಕ್ಕದು. ಜಾತಿಯ ಬಲ ನಂಬಿ ರಾಜಕೀಯ ಮಾಡುವಂತಿರಲಿಲ್ಲ. ಹಾಗಾಗಿ ಹಿಂದುಳಿದವರು, ದಲಿತರು, ಅಲ್ಪಸಂಖ್ಯಾತರನ್ನು ಒಟ್ಟುಗೂಡಿಸಿದರು. ಎಲ್.ಜಿ. ಹಾವನೂರರ ಆಯೋಗ 1975ರಲ್ಲಿ ಕೊಟ್ಟ ವರದಿ ಹಿಂದುಳಿದ ವರ್ಗಗಳ ಮಕ್ಕಳಿಗೆ ಕಾಲೇಜು, ಸರ್ಕಾರಿ ಕೆಲಸಗಳ ಬಾಗಿಲು ತೆರೆಯಿತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದೂ ಅವರ ಕಾಲದಲ್ಲೇ, 1973ರ ನವೆಂಬರ್ 1ರಂದು.

ಎಲ್ಲಕ್ಕಿಂತ ದೊಡ್ಡದು 1974ರ ಭೂ ಸುಧಾರಣೆ. ಉಳುವವನೇ ಹೊಲದೊಡೆಯನಾಗಬೇಕೆಂಬ ಮಾತು ಕಾನೂನಾಯಿತು. ಗೇಣಿದಾರರು ಫಾರಂ ನಂಬರ್ 7 ತುಂಬಿ ಅರ್ಜಿ ಕೊಡಬೇಕು, ಭೂ ನ್ಯಾಯಮಂಡಳಿ ತೀರ್ಮಾನ ಮಾಡಬೇಕು. ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ, ಹಾಗಾಗಿ ಓದುಬರಹ ಬಾರದ ಒಕ್ಕಲೂ ತನ್ನ ಮಾತು ತಾನೇ ಹೇಳಬಹುದಿತ್ತು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದ ಕಡೆ ಇದರಿಂದ ಬದುಕೇ ಬದಲಾಯಿತು. ಗೇಣಿಯನ್ನೇ ನಂಬಿದ್ದ ಸಣ್ಣ ಭೂಮಾಲೀಕರ ಮನೆಗಳು ಕಷ್ಟಕ್ಕೆ ಬಿದ್ದದ್ದೂ ನಿಜ.

ಅರಸು ಆಡಳಿತದ ಮೇಲೆ ಭ್ರಷ್ಟಾಚಾರದ ಆರೋಪಗಳು ಬಂದವು. 1977ರಲ್ಲಿ ಕೇಂದ್ರದ ಜನತಾ ಸರ್ಕಾರ ಗ್ರೋವರ್ ಆಯೋಗ ನೇಮಿಸಿತು, ವರ್ಷದ ಕೊನೆಗೆ ರಾಷ್ಟ್ರಪತಿ ಆಳ್ವಿಕೆ ಬಂತು. ಆದರೂ 1978ರ ಚುನಾವಣೆಯಲ್ಲಿ ಗೆದ್ದು ಅರಸು ಮತ್ತೆ ಮುಖ್ಯಮಂತ್ರಿಯಾದರು. ಅದೇ ವರ್ಷ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿ ಲೋಕಸಭೆಗೆ ಕಳಿಸಿದರು.

ಮರುವರ್ಷವೇ ಇಬ್ಬರ ನಡುವೆ ಬಿರುಕು. ಪಕ್ಷದ ರಾಜ್ಯಾಧ್ಯಕ್ಷ ಸ್ಥಾನ ಅರಸು ಅವರ ಕೈತಪ್ಪಿ ಎಸ್. ಬಂಗಾರಪ್ಪನವರಿಗೆ ಹೋಯಿತು. 1979ರಲ್ಲಿ ಉಚ್ಚಾಟನೆಯೂ ಆಯಿತು. ಆಗ ಹೆಚ್ಚಿನ ಶಾಸಕರು ಅರಸು ಜೊತೆಗೇ ಇದ್ದರು. ಹೀಗೆ ಹುಟ್ಟಿದ್ದು ಅರಸು ಕಾಂಗ್ರೆಸ್. 1980ರ ಜನವರಿಯ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ, ಒಂದು ಜನತಾ ಪಕ್ಷಕ್ಕೆ ಹೋದವು. ಅರಸು ಪಕ್ಷಕ್ಕೆ ಒಂದೂ ಇಲ್ಲ! ಜೊತೆಗಿದ್ದ ಶಾಸಕರು ಗಾಳಿ ಬೀಸಿದ ಕಡೆಗೆ ಹೊರಟರು. ಅರಸು ರಾಜೀನಾಮೆ ಕೊಟ್ಟರು, ಗುಂಡೂರಾವ್ ಮುಖ್ಯಮಂತ್ರಿಯಾದರು.

ಅರಸು ಕೈಕಟ್ಟಿ ಕೂರಲಿಲ್ಲ. ಕರ್ನಾಟಕ ಕ್ರಾಂತಿರಂಗ ಎಂಬ ಪ್ರಾದೇಶಿಕ ಪಕ್ಷ ಕಟ್ಟಿದರು. ಆದರೆ ಅದು ಚುನಾವಣೆ ಎದುರಿಸುವುದನ್ನು ನೋಡಲು ಅವರು ಉಳಿಯಲಿಲ್ಲ. 1982ರ ಜೂನ್ 6ರಂದು ತೀರಿಕೊಂಡರು. ಅಷ್ಟರಲ್ಲಿ ಇಂದಿರಾ ಕಾಂಗ್ರೆಸ್ ಬಿಟ್ಟಿದ್ದ ಬಂಗಾರಪ್ಪನವರೇ ಕ್ರಾಂತಿರಂಗವನ್ನು ಮುನ್ನಡೆಸಿದರು. 1983ರಲ್ಲಿ ಜನತಾ ಪಕ್ಷದೊಂದಿಗಿನ ಮೈತ್ರಿ ಕಾಂಗ್ರೆಸ್ಸನ್ನು ಸೋಲಿಸಿ, ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರಕ್ಕೆ ದಾರಿ ಮಾಡಿತು. ಮುಖ್ಯಮಂತ್ರಿ ಪಟ್ಟ ಮಾತ್ರ ರಾಮಕೃಷ್ಣ ಹೆಗಡೆಯವರಿಗೆ ಹೋಯಿತು. ಕ್ರಾಂತಿರಂಗದ ಕೆಲವರು ಜನತಾದಲ್ಲಿ ಸೇರಿಹೋದರು, ಬಂಗಾರಪ್ಪನವರು ಕಾಂಗ್ರೆಸ್ಸಿಗೆ ಮರಳಿದರು, ಪಕ್ಷ ಕರಗಿತು. ಮುಂದೆ ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷ, 1997ರಲ್ಲಿ ಹೆಗಡೆಯವರು ಕಟ್ಟಿದ ಲೋಕಶಕ್ತಿ ಕೂಡ ಹೆಚ್ಚು ಕಾಲ ಬಾಳಲಿಲ್ಲ.

ಭೂಮಿ ಪಡೆದ ಜನ ಅರಸು ಕೈ ಏಕೆ ಬಿಟ್ಟರು? ಜನರನ್ನು ಕೃತಘ್ನರೆಂದು ಬೈಯುವುದು ಸುಲಭ. ಆದರೆ ಅರಸು ಯೋಜನೆಗಳೆಲ್ಲ ಹಳ್ಳಿಗೆ ತಲುಪಿದ್ದು ಇಂದಿರಮ್ಮನ ಹೆಸರಿನ ಜೊತೆಯಲ್ಲೇ. ಅರಸು ಕಾಂಗ್ರೆಸ್ ವಿಧಾನಸೌಧದಲ್ಲಿ ಶಾಸಕರ ತಲೆ ಎಣಿಸಿ ಹುಟ್ಟಿದ ಪಕ್ಷ, ಹಳ್ಳಿಯಲ್ಲಿ ಅದಕ್ಕೆ ಬೇರು ಇರಲಿಲ್ಲ. ಬೇರು ಬಿಡಲು ಬೇಕಾದ ಸಮಯವೂ ಸಿಗಲಿಲ್ಲ.

ಪಕ್ಷ ಹೋಯಿತು, ಕೆಲಸ ಉಳಿಯಿತು. ಅಂದು ಅರ್ಜಿ ತುಂಬಿದ ಗೇಣಿದಾರರ ಮೊಮ್ಮಕ್ಕಳು ಇಂದು ನಮ್ಮ ನಡುವೆ ಇಂಜಿನಿಯರ್, ಡಾಕ್ಟರ್ ಆಗಿದ್ದಾರೆ. ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ, 1974ರಲ್ಲಿ ನಮ್ಮ ಮನೆಯಲ್ಲಿ ಏನಾಯಿತು ಎಂದು. ಬಂದ ಕಥೆಯೋ ಹೋದ ಕಥೆಯೋ, ಮಕ್ಕಳಿಗೂ ಹೇಳಿ.