ತ್ಯಾಗವೀರ ಸಿರಸಂಗಿ ಲಿಂಗರಾಜರು: ಪರರ ಮಕ್ಕಳ ಓದಿಗೆ ಆಸ್ತಿ ಬರೆದಿಟ್ಟ ಶಿಗ್ಗಾಂವದ ಮಗ

ಉತ್ತರ ಕರ್ನಾಟಕದ ಶಿಕ್ಷಣ ಚರಿತ್ರೆಯಲ್ಲಿ ಸಿರಸಂಗಿ ಲಿಂಗರಾಜ ದೇಸಾಯಿಯವರ ಹೆಸರು ಅಚ್ಚಳಿಯದೆ ಉಳಿದಿದೆ. ಬೆಳಗಾವಿ, ಧಾರವಾಡ, ಹಾವೇರಿ ಜಿಲ್ಲೆಗಳಲ್ಲಿ ಅವರನ್ನು ತ್ಯಾಗವೀರ ಎಂದೇ ಕರೆಯುತ್ತಾರೆ. ಜನವರಿ 10ರಂದು ಅವರ ಜಯಂತಿ ನಡೆಯುತ್ತದೆ. ಆದರೆ ಘಟ್ಟದ ಕೆಳಗಿನ ನಮ್ಮ ಕರಾವಳಿಯಲ್ಲಿ ಅವರ ಬದುಕನ್ನು ತಿಳಿದವರು ಕಡಿಮೆ. ನಮ್ಮ ಅನೇಕ ಧರ್ಮಕೇಂದ್ರಗಳ ಆಸುಪಾಸಿನಲ್ಲಿ ಚಿಕ್ಕ ಚಿಕ್ಕ ಮಾಂಟೆಸರಿ ಶಾಲೆಗಳಿವೆ. ಫೀಸಿನ ಹಣದಿಂದಲೇ ಅವು ನಡೆಯಬೇಕು, ಫೀಸು ಹೆಚ್ಚಿಸಿದರೆ ಬಡವರ ಮಕ್ಕಳು ಹೊರಗುಳಿಯುತ್ತಾರೆ. ಇಂಥ ಶಾಲೆಗಳಿಗೆ ಕುಟುಂಬಗಳು ಯಾವ ರೀತಿ ನೆರವಾಗಬಹುದು ಎಂದು ಯೋಚಿಸುವವರಿಗೆ ಲಿಂಗರಾಜರ ಜೀವನದಲ್ಲಿ ಕಲಿಯಲು ಬಹಳಷ್ಟಿದೆ. ಆದ್ದರಿಂದ ಅವರ ಜೀವನವನ್ನು ಇಲ್ಲಿ ಸಂಕ್ಷಿಪ್ತವಾಗಿ ನೆನಪಿಸಿಕೊಳ್ಳುತ್ತಿದ್ದೇವೆ.

ಶಿಗ್ಗಾಂವದಿಂದ ಸಿರಸಂಗಿಗೆ

ಲಿಂಗರಾಜರು ಹುಟ್ಟಿದ್ದು 1861ರ ಜನವರಿ 10ರಂದು, ಶಿಗ್ಗಾಂವದಲ್ಲಿ. ಆಗ ಶಿಗ್ಗಾಂವ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. 1997ರಲ್ಲಿ ಹಾವೇರಿ ಜಿಲ್ಲೆ ರಚನೆಯಾದ ಮೇಲೆ ಆ ಜಿಲ್ಲೆಗೆ ಸೇರಿತು. ಕನಕದಾಸರ ಬಾಡ, ಶರೀಫ ಸಾಹೇಬರ ಶಿಶುನಾಳ ಎರಡೂ ಈ ತಾಲೂಕಿನಲ್ಲೇ ಇವೆ. ತಂದೆತಾಯಿ ಮಗುವಿಗೆ ಇಟ್ಟ ಹೆಸರು ರಾಮಪ್ಪ.

ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಸಿರಸಂಗಿಯಲ್ಲಿ ಆಗ ಜಾಯಪ್ಪ ದೇಸಾಯಿಯವರ ಮನೆತನವಿತ್ತು. ಹಿಂದಿನ ಅರಸರ ಕಾಲದಲ್ಲಿ ಕಂದಾಯ ವಸೂಲಿಯ ಅಧಿಕಾರ ವಂಶಪಾರಂಪರ್ಯವಾಗಿ ದೇಸಾಯಿಗಳಿಗೆ ಸೇರಿತ್ತು. ಬ್ರಿಟಿಷರು ಬಂದ ಮೇಲೆ ಆ ಕೆಲಸ ಮುಗಿದು, ಭೂಮಿ ಮತ್ತು ಗೌರವ ಮಾತ್ರ ಉಳಿದುಕೊಂಡವು. ಸಿರಸಂಗಿ ಮತ್ತು ನವಲಗುಂದ ಎರಡೂ ಕಡೆ ಈ ಮನೆತನಕ್ಕೆ ಜಮೀನಿತ್ತು, ದೊಡ್ಡ ವಾಡೆಯಿತ್ತು. ವಾರಸುದಾರ ಗಂಡು ಮಗುವಿಲ್ಲದಿದ್ದಾಗ ದತ್ತಕ ತೆಗೆದುಕೊಳ್ಳುವುದು ಅಂದಿನ ವಾಡಿಕೆ. ಹಾಗೆ ಶಿಗ್ಗಾಂವದ ರಾಮಪ್ಪ ಬಾಲಕನಾಗಿದ್ದಾಗಲೇ ದೇಸಾಯಿಯವರ ಮನೆಗೆ ದತ್ತಕ ಮಗನಾಗಿ ಹೋಗಿ, ಲಿಂಗರಾಜ ಎಂಬ ಹೊಸ ಹೆಸರು ಪಡೆದರು.

ಸಾಧಾರಣ ಊರಿನಲ್ಲಿ ಹುಟ್ಟಿದ ಒಬ್ಬ ಹುಡುಗನಿಗೆ ಒಂದೇ ದಿನದಲ್ಲಿ ಸಂಸ್ಥಾನದ ಒಡೆತನ, ಓದು, ಸ್ಥಾನಮಾನ ಎಲ್ಲವೂ ದೊರೆಯುವಂತಾಯಿತು. ಅದಾವುದೂ ಅವರು ಗಳಿಸಿದ್ದಲ್ಲ, ಆಯ್ಕೆಯಾದದ್ದರಿಂದ ಬಂದದ್ದು. ಆಯ್ಕೆಯಾಗದೆ ಉಳಿದ ಹುಡುಗರು ಪ್ರತಿ ಊರಿನಲ್ಲೂ ಇದ್ದರು. ಮುಂದೆ ಅವರು ಮಾಡಿದ ಕೆಲಸವನ್ನು ನೋಡಿದರೆ, ಆ ಹುಡುಗರನ್ನು ಅವರು ಮರೆಯಲಿಲ್ಲ ಎಂದು ನಮಗೆ ಅನಿಸುತ್ತದೆ.

ಅಂದಿನ ಶಾಲೆಗಳ ಸ್ಥಿತಿ

ಆ ಕಾಲದಲ್ಲಿ ಮುಂಬಯಿ ಕರ್ನಾಟಕದ ಮಕ್ಕಳು ಓದುವುದು ಸುಲಭವಾಗಿರಲಿಲ್ಲ. ಸರಕಾರಿ ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ಡೆಪ್ಯುಟಿ ಚೆನ್ನಬಸಪ್ಪನವರಂಥವರು ಕಷ್ಟಪಟ್ಟು ಕನ್ನಡ ಶಾಲೆಗಳನ್ನು ತೆರೆಸಿದರು. ಧಾರವಾಡದಲ್ಲಿ ಬಾಸೆಲ್ ಮಿಷನ್ನಿನ ಹೈಸ್ಕೂಲು ಇತ್ತು. ಅದಕ್ಕೂ ಮುಂದೆ ಓದಬೇಕೆಂದರೆ ಪುಣೆ ಅಥವಾ ಮುಂಬಯಿಗೆ ಹೋಗಬೇಕು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದೇ 1917ರಲ್ಲಿ. ಒಕ್ಕಲು ಮಕ್ಕಳಿಗೆ ಪುಣೆಯ ಊಟ, ವಸತಿ, ಫೀಸಿನ ಖರ್ಚು ಕೈಗೆಟುಕುವಂತಿರಲಿಲ್ಲ. ಬುದ್ಧಿವಂತ ಹುಡುಗರೂ ಹೊಲಕ್ಕೆ ಮರಳುತ್ತಿದ್ದರು.

1876ರಿಂದ 1878ರವರೆಗಿನ ಭೀಕರ ಬರಗಾಲ ಈ ಸೀಮೆಯನ್ನು ಹಿಂಡಿತು. ಆಗ ಲಿಂಗರಾಜರು ಇನ್ನೂ ಹದಿಹರೆಯದವರು. ಶತಮಾನದ ಕೊನೆಯಲ್ಲಿ ಮತ್ತೆ ಬರಗಾಲ ಬಂತು, ಪ್ಲೇಗು ಬಂತು. ಅನ್ನಕ್ಕೇ ಕಷ್ಟವಿದ್ದ ಮನೆಗಳಲ್ಲಿ ಓದಿನ ಮಾತು ಹಿಂದೆ ಬಿತ್ತು.

ಇದನ್ನು ಮನಗಂಡ ಕೆಲವರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. ಬಡ ವಿದ್ಯಾರ್ಥಿಗಳಿಗೆ ಸಹಾಯ ಮಾಡಲು ನಿಧಿ ಕೂಡಿಸುವುದು ಅದರ ಉದ್ದೇಶ. ಗಿಲಗಂಚಿ ಗುರುಸಿದ್ಧಪ್ಪ ಮತ್ತು ಅರಟಾಳ ರುದ್ರಗೌಡರು ಅದರ ಮುಂದಾಳುಗಳು. ರುದ್ರಗೌಡರ ಹೆಸರಿನಲ್ಲಿರುವ ಅರಟಾಳ ಕೂಡ ಶಿಗ್ಗಾಂವ ಸೀಮೆಯ ಹಳ್ಳಿ. ಸಮಾಜದವರೇ ಹಣ ಹಾಕಿ ಸಮಾಜದ ಮಕ್ಕಳನ್ನು ಓದಿಸಬೇಕು ಎಂಬ ವಿಚಾರ ಹೀಗೆ ಬೇರೂರಿತು.

ಧಾರವಾಡದ ಸಭೆ

1904ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳ ಪ್ರಯತ್ನದಿಂದ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ಧಾರವಾಡದಲ್ಲಿ ನಡೆಯಿತು. ಅದರ ಅಧ್ಯಕ್ಷತೆಗೆ ಆಯ್ಕೆಯಾದವರು ಲಿಂಗರಾಜ ದೇಸಾಯಿಯವರು. ಒಂದು ಕಡೆ ಜೋಳಿಗೆ ಹಿಡಿದು ಊರೂರು ಸುತ್ತುತ್ತಿದ್ದ ಸ್ವಾಮಿಗಳು, ಇನ್ನೊಂದು ಕಡೆ ವಾಡೆಯಲ್ಲಿ ಬೆಳೆದ ದೇಸಾಯಿಯವರು. ಇಬ್ಬರೂ ಒಂದೇ ಕೆಲಸಕ್ಕಾಗಿ ಒಂದೇ ವೇದಿಕೆಯಲ್ಲಿ ಕೂಡಿದರು. ಶಿಕ್ಷಣ ಅಲ್ಲಿನ ಮುಖ್ಯ ಕಾಳಜಿಯಾಗಿತ್ತು.

ದೊಡ್ಡವರನ್ನು ಸಭೆಗೆ ಅಧ್ಯಕ್ಷರನ್ನಾಗಿ ಮಾಡುವುದು, ಅವರು ಹಾರ ಹಾಕಿಸಿಕೊಂಡು ಮನೆಗೆ ಹೋಗುವುದು ನಾವೆಲ್ಲ ಕಂಡದ್ದೇ. ಲಿಂಗರಾಜರು ಸಭೆಯ ಕಾಳಜಿಯನ್ನು ಮನೆಗೆ ಒಯ್ದು ತಮ್ಮ ಸ್ವಂತ ಆಸ್ತಿಯ ವಿಷಯದಲ್ಲಿ ತೀರ್ಮಾನ ಮಾಡಿದರು.

ಆಸ್ತಿ ಯಾರಿಗೆ?

ದೇಸಾಯಿಯವರಿಗೆ ವಾರಸುದಾರರಾಗಿ ಮಕ್ಕಳಿರಲಿಲ್ಲ. ಅವರೇ ದತ್ತಕವಾಗಿ ಬಂದವರು. ಅದೇ ವಾಡಿಕೆಯಂತೆ ಇನ್ನೊಬ್ಬ ಹುಡುಗನನ್ನು ತಂದು ಸಂಸ್ಥಾನವನ್ನು ಅವನ ಕೈಗೆ ಒಪ್ಪಿಸಬಹುದಿತ್ತು. ಹಾಗೆ ಮಾಡಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಅವರು ಉಯಿಲು ಬರೆದು, ಸಿರಸಂಗಿ ನವಲಗುಂದ ಸಂಸ್ಥಾನದ ಆಸ್ತಿಯನ್ನು ತಮ್ಮ ಸಮಾಜದ ಬಡ ಮಕ್ಕಳ ವಿದ್ಯಾಭ್ಯಾಸಕ್ಕೆ ಮೀಸಲಿಟ್ಟರು. ಒಬ್ಬ ಹುಡುಗನಿಗೆ ಹೋಗಬೇಕಾದದ್ದು ತಲೆತಲಾಂತರದ ಹುಡುಗರಿಗೆ ಹಂಚಿಕೆಯಾಯಿತು.

1906ರ ಆಗಸ್ಟ್ 23ರಂದು ಲಿಂಗರಾಜರು ತೀರಿಕೊಂಡರು. ಆಗ ಅವರಿಗೆ ಕೇವಲ 45 ವರ್ಷ. ತಮ್ಮ ದಾನದಿಂದ ಓದಿದ ಹುಡುಗರು ವಕೀಲರಾಗಿ, ಡಾಕ್ಟರರಾಗಿ, ಅಧ್ಯಾಪಕರಾಗಿ ಬಂದು ನಿಂತದ್ದನ್ನು ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ.

ಬಿತ್ತಿದ ಬೀಜ

ಅವರ ಹೆಸರಿನ ಟ್ರಸ್ಟಿನಿಂದ ವಿದ್ಯಾರ್ಥಿಗಳಿಗೆ ನೆರವು ಸಿಗತೊಡಗಿತು. ಹಳ್ಳಿಯ ಮನೆಯಿಂದ ಹೊರಬಿದ್ದು ಕಾಲೇಜು ಮೆಟ್ಟಿಲು ಹತ್ತಿದವರು ಹಲವರು. ಅವರು ತೀರಿಕೊಂಡ ಹತ್ತು ವರ್ಷಗಳ ನಂತರ, 1916ರ ನವೆಂಬರ್ 13ರಂದು, ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಒಂದು ಶಾಲೆ ತೆರೆದರು. ಅದೇ ಮುಂದೆ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ, ಅಂದರೆ ಇಂದಿನ ಕೆ.ಎಲ್.ಇ. ಸಂಸ್ಥೆ. ಆ ಏಳು ಮಂದಿ ಶ್ರೀಮಂತರಲ್ಲ. ದುಡಿಮೆಯನ್ನೇ ದಾನವಾಗಿ ಕೊಟ್ಟವರು. ಸಂಸ್ಥೆಯ ಹೈಸ್ಕೂಲಿಗೆ ಗಿಲಗಂಚಿ ಅರಟಾಳರ ಹೆಸರು ಬಂತು. 1933ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ಕಾಲೇಜು ಲಿಂಗರಾಜರ ಹೆಸರನ್ನು ಹೊತ್ತುಕೊಂಡಿದೆ.

ಲಿಂಗರಾಜರ ದಾನ ಒಂದು ಸಮಾಜಕ್ಕೆ ಮೀಸಲಾಗಿತ್ತು ಎಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಆ ಕಾಲದಲ್ಲಿ ಪ್ರತಿಯೊಂದು ಸಮಾಜವೂ ತನ್ನ ಮಕ್ಕಳನ್ನು ತಾನೇ ಎತ್ತಬೇಕಾದ ಸ್ಥಿತಿಯಿತ್ತು. ಆದರೆ ಅಂಥ ದಾನಗಳ ಬೆನ್ನಿಗೆ ಎದ್ದ ಶಾಲೆ ಕಾಲೇಜುಗಳ ಬಾಗಿಲು ಎಲ್ಲ ಜಾತಿ ಧರ್ಮದವರಿಗೂ ತೆರೆದುಕೊಂಡಿತು. ನಮ್ಮ ಮಂಗಳೂರಿನಲ್ಲಿ 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನ ಕಥೆಯೂ ಇದಕ್ಕಿಂತ ದೂರದ್ದಲ್ಲ. ಅದು ನಿಂತಿರುವ ಗುಡ್ಡದ ಜಾಗ ದಾನವಾಗಿ ಬಂದದ್ದು. ಅಲ್ಲಿ ಓದಿದವರು ಎಲ್ಲ ಧರ್ಮದವರು.

ಮಾಂಟೆಸರಿ ಶಾಲೆ ಮತ್ತು ನಮ್ಮ ಮನೆಗಳು

ಲಿಂಗರಾಜರು ತೀರಿಕೊಂಡ ಐದು ತಿಂಗಳೊಳಗೆ, 1907ರ ಜನವರಿ 6ರಂದು, ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಡಾಕ್ಟರ್ ಮಾರಿಯಾ ಮಾಂಟೆಸರಿಯವರು ಮಕ್ಕಳ ಮನೆ ಎಂಬ ಶಾಲೆಯನ್ನು ತೆರೆದರು. ಕೂಲಿಗೆ ಹೋಗುವ ತಂದೆತಾಯಂದಿರ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಬಡಾವಣೆಯ ಮನೆಗಳನ್ನು ಕಟ್ಟಿಸಿದ ಸಂಸ್ಥೆ ಅದಕ್ಕೆ ಜಾಗ ಕೊಟ್ಟಿತ್ತು. 1939ರಲ್ಲಿ ಮಾಂಟೆಸರಿಯವರು ಮದರಾಸಿನ ಅಡ್ಯಾರಿಗೆ ಬಂದರು. ಯುದ್ಧ ಮುಗಿಯುವವರೆಗೂ ಭಾರತದಲ್ಲೇ ಉಳಿದು ನೂರಾರು ಶಿಕ್ಷಕಿಯರಿಗೆ ತರಬೇತಿ ಕೊಟ್ಟರು. ಇಂದು ಮಾಂಟೆಸರಿ ಎಂದರೆ ಉಳ್ಳವರ ಶಾಲೆ ಎಂಬ ಭಾವನೆ ಬೆಳೆದಿದೆ. ಅದು ಹುಟ್ಟಿದ್ದು ಬಡ ಮಕ್ಕಳಿಗಾಗಿ.

ಇಂಥ ಶಾಲೆಗೆ ಸಾಮಗ್ರಿ ಬೇಕು, ತರಬೇತಿ ಪಡೆದ ಶಿಕ್ಷಕಿ ಬೇಕು. ಎರಡಕ್ಕೂ ಹಣ ಬೇಕು. ನಮ್ಮ ಕುಟುಂಬಗಳು ಮಾಡಬಹುದಾದ ಕೆಲವು ಕೆಲಸಗಳನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದಾಗಿ, ನಾಲ್ಕೈದು ಕುಟುಂಬಗಳು ಕೂಡಿ ಒಂದು ಮಗುವಿನ ವರ್ಷದ ಫೀಸನ್ನು ಶಾಲೆಯ ಸಹಾಯ ನಿಧಿಗೆ ಕೊಡಬಹುದು. ಯಾವ ಮಗುವಿಗೆ ಎಂಬುದನ್ನು ಶಾಲೆ ತೀರ್ಮಾನಿಸಲಿ. ಸಹಾಯ ಪಡೆದ ಮಗುವಿನ ಹೆಸರು ಹೊರಗೆ ಬಾರದಿರಲಿ. ಮಗು ತಲೆ ತಗ್ಗಿಸುವಂತಾದರೆ ಕೊಟ್ಟದ್ದರ ಪುಣ್ಯವೆಲ್ಲ ಹೋಯಿತು.

ಎರಡನೆಯದಾಗಿ, ಸಾಮಗ್ರಿ. ಮಾಂಟೆಸರಿ ಸಾಮಗ್ರಿಯಲ್ಲಿ ಬಹುಪಾಲು ಮರದ್ದು. ಒಂದರ ಮೇಲೊಂದು ಇಡುವ ಗುಲಾಬಿ ಬಣ್ಣದ ಹತ್ತು ಘನಗಳಲ್ಲಿ ಚಿಕ್ಕದು 1 ಸೆಂಟಿಮೀಟರ್, ದೊಡ್ಡದು 10 ಸೆಂಟಿಮೀಟರ್. ಅಳತೆ ತಪ್ಪಬಾರದು. ಕೈಪಳಗಿದ ಬಡಗಿಗಳು ನಮ್ಮಲ್ಲಿದ್ದಾರೆ. ಶಿಕ್ಷಕಿಯನ್ನು ಕೇಳಿ, ಬೇಕಾದದ್ದನ್ನು ಮಾತ್ರ ಮಾಡಿಸಿಕೊಡಬಹುದು. ಮನೆಯಲ್ಲಿ ಬೇಡವಾದ ಪ್ಲಾಸ್ಟಿಕ್ ಆಟಿಕೆಗಳನ್ನು ಚೀಲದಲ್ಲಿ ತುಂಬಿ ತರುವುದು ದಾನವಲ್ಲ.

ಮೂರನೆಯದಾಗಿ, ಊರಿನ ಒಬ್ಬ ಯುವತಿಗೆ ಮಾಂಟೆಸರಿ ತರಬೇತಿ ಪಡೆಯಲು ನೆರವಾಗುವುದು. ಕಟ್ಟಡದ ಗೋಡೆಯ ಮೇಲೆ ದಾನಿಗಳ ಹೆಸರು ಕೆತ್ತಿಸಬಹುದು, ತರಬೇತಿಯ ಮೇಲೆ ಕೆತ್ತಿಸಲು ಆಗುವುದಿಲ್ಲ. ಆದ್ದರಿಂದಲೇ ಅದಕ್ಕೆ ಕೊಡುವವರು ಕಡಿಮೆ. ಆದರೆ ಒಳ್ಳೆಯ ಶಿಕ್ಷಕಿಯೊಬ್ಬರು ಸಿಕ್ಕರೆ ಅನೇಕ ವರ್ಷಗಳ ಮಕ್ಕಳಿಗೆ ಅದರ ಫಲ ಸಿಗುತ್ತದೆ.

ನಾಲ್ಕನೆಯದಾಗಿ, ರಸೀದಿ ಮತ್ತು ಲೆಕ್ಕ. ಕೊಟ್ಟದ್ದಕ್ಕೆ ರಸೀದಿ ಕೇಳುವುದು ಅವಿಶ್ವಾಸವಲ್ಲ. ಶಾಲೆಯ ಆಡಳಿತ ಮಂಡಳಿಯೂ ವರ್ಷಕ್ಕೊಮ್ಮೆ ಲೆಕ್ಕವನ್ನು ದಾನಿಗಳ ಮುಂದಿಡಬೇಕು. ತೆರಿಗೆ ರಿಯಾಯಿತಿ ಬೇಕಾದವರು ಶಾಲೆ ನಡೆಸುವ ಟ್ರಸ್ಟಿಗೆ ಆದಾಯ ತೆರಿಗೆ ಇಲಾಖೆಯ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಬೇಕು. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೂ ಈ ರಿಯಾಯಿತಿ ದೊರೆಯುವುದಿಲ್ಲ.

ಕೊನೆಯದಾಗಿ ಉಯಿಲು. ಲಿಂಗರಾಜರು ಮಾಡಿದ್ದು ಇದನ್ನೇ. ಭಾರತೀಯ ಉತ್ತರಾಧಿಕಾರ ಕಾನೂನಿನ 118ನೆಯ ಕಲಮಿನಿಂದಾಗಿ ಕ್ರೈಸ್ತರಿಗೆ ಮೊದಲು ಒಂದು ತೊಡಕಿತ್ತು. ಹತ್ತಿರದ ಬಂಧುಗಳಿರುವವರು ಧರ್ಮಕಾರ್ಯಕ್ಕೆ ಆಸ್ತಿ ಬರೆದರೆ, ಆ ಉಯಿಲು ಮರಣಕ್ಕೆ ಕನಿಷ್ಠ 12 ತಿಂಗಳ ಮೊದಲೇ ಆಗಿರಬೇಕಿತ್ತು. ಕೇರಳದ ಧರ್ಮಗುರುವೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 2003ರಲ್ಲಿ ಕೋರ್ಟು ಆ ಕಲಮನ್ನು ರದ್ದುಪಡಿಸಿತು. ಈಗ ಆ ಅಡ್ಡಿಯಿಲ್ಲ. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯವರಿಗೆ ಮೊದಲೇ ತಿಳಿಸಿ, ಅವರ ಪಾಲನ್ನು ನ್ಯಾಯವಾಗಿ ಕೊಟ್ಟು, ಉಳಿದದ್ದರಲ್ಲಿ ಒಂದು ಭಾಗವನ್ನು ಶಾಲೆಗೆ ಬರೆಯುವುದು ಲೇಸು. ಮನೆಯವರ ಕಣ್ಣೀರು ಬಿದ್ದ ದಾನ ಯಾರಿಗೂ ಒಳಿತು ಮಾಡದು.

ದಾನವೂ ಡೊನೇಷನ್ನೂ

ನಮ್ಮ ಊರುಗಳಲ್ಲಿ ಡೊನೇಷನ್ ಎಂಬ ಮಾತಿಗೆ ಬೇರೆಯೇ ಅರ್ಥ ಬಂದುಬಿಟ್ಟಿದೆ. ಸೀಟು ಬೇಕಾದರೆ ಡೊನೇಷನ್ ಕೊಡಬೇಕು ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಪ್ರವೇಶಕ್ಕಾಗಿ ಹೀಗೆ ಹಣ ಪಡೆಯುವುದನ್ನು ಕರ್ನಾಟಕದಲ್ಲಿ 1984ರ ಕಾನೂನು ನಿಷೇಧಿಸಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ನಿಷೇಧಿಸಿದೆ. ತನ್ನ ಮಗುವಿನ ಸೀಟಿಗೆ ಕೊಟ್ಟದ್ದು ಬೆಲೆ. ಅದನ್ನು ದಾನವೆಂದು ಕರೆಯಲಾಗದು. ಒಂದು ಶಾಲೆ ದಾನ ಕೇಳುವಾಗಲೂ, ಕುಟುಂಬ ದಾನ ಕೊಡುವಾಗಲೂ ಪ್ರವೇಶದ ಮಾತು ಅದರ ಹತ್ತಿರವೂ ಸುಳಿಯಬಾರದು. ಪ್ರವೇಶದ ತಿಂಗಳುಗಳಲ್ಲಿ ದಾನವನ್ನೇ ಪಡೆಯದಿರುವುದು ಶಾಲೆಗೆ ಒಳ್ಳೆಯ ನಿಯಮ.

ಲಿಂಗರಾಜರ ದಾನದಲ್ಲಿ ಅವರ ಸ್ವಂತ ಮಗುವಿಗೆ ಏನೂ ಇರಲಿಲ್ಲ. ತಾವು ಮುಖ ನೋಡದ, ಹೆಸರು ತಿಳಿಯದ ಮಕ್ಕಳಿಗಾಗಿ ಅವರು ಬರೆದಿಟ್ಟರು. ನಮ್ಮಲ್ಲಿ ಸಂಸ್ಥಾನ ಇರುವವರು ಯಾರೂ ಇಲ್ಲ. ಆದರೆ ಮಕ್ಕಳು ಓದಿ ಮುಗಿಸಿ ಗಲ್ಫಿಗೋ ಬೆಂಗಳೂರಿಗೋ ಹೋದ ಮನೆಗಳು ಪ್ರತಿ ಧರ್ಮಕೇಂದ್ರದಲ್ಲೂ ಇವೆ. ಆ ಮನೆಗಳಿಗೆ ಈಗ ಯಾವ ಶಾಲೆಯಿಂದಲೂ ಏನೂ ಆಗಬೇಕಾಗಿಲ್ಲ. ಅಂಥವರು ಕೊಡುವುದೇ ನಿಜವಾದ ದಾನ. ಮುಂದಿನ ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮೊದಲು, ತಮ್ಮ ಊರಿನ ಚಿಕ್ಕ ಶಾಲೆಗೆ ಒಮ್ಮೆ ಹೋಗಿ, ಫೀಸಿನ ಕಾರಣಕ್ಕೆ ಹೊರಗುಳಿಯುವ ಮಗು ಇದೆಯೇ ಎಂದು ವಿಚಾರಿಸಬೇಕೆಂದು ನಮ್ಮ ಓದುಗರಲ್ಲಿ ವಿನಂತಿಸುತ್ತೇವೆ.