ಪಂಡಿತ ಭಾತಖಂಡೆ

ಸಂಗೀತಕ್ಕೆ ತಲೆದೂಗದವರು ವಿರಳ. ಆದರೆ ತಮಗೆ ಪ್ರಿಯವಾದ ಗಾನವನ್ನು ಇನ್ನೊಬ್ಬರಿಗೆ ವಿವರಿಸುವುದು ಸುಲಭವಲ್ಲ. ಇಂಪಾಗಿತ್ತು ಎಂದರೆ ಕೇಳುಗನ ಆನಂದ ತಿಳಿಯುತ್ತದೆಯೇ ಹೊರತು ರಾಗ ತಿಳಿಯುವುದಿಲ್ಲ. ರಾಗದ ಹೆಸರನ್ನು ಹೇಳಿದರೂ ತೊಡಕು ತಪ್ಪದು. ಕರ್ಣಾಟಕ ಸಂಗೀತದ ಮೋಹನಕ್ಕೂ ಹಿಂದೂಸ್ತಾನಿ ಸಂಗೀತದ ಭೂಪಕ್ಕೂ ಸ್ವರಗಳು ಒಂದೇ, ಹೆಸರುಗಳು ಬೇರೆ. ತೋಡಿ ಎಂಬ ಹೆಸರು ಎರಡು ಪದ್ಧತಿಗಳಲ್ಲಿಯೂ ಉಂಟು, ಸ್ವರಗಳು ಮಾತ್ರ ಬೇರೆ. ಇಂತಹ ತೊಡಕುಗಳನ್ನು ಬಿಡಿಸಲು ತಮ್ಮ ಬಾಳನ್ನೇ ಮುಡಿಪಾಗಿಟ್ಟವರು ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರು.

ಭಾತಖಂಡೆಯವರು 1860ರ ಆಗಸ್ಟ್ 10ರಂದು ಮುಂಬಯಿಯ ವಾಲ್ಕೇಶ್ವರದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ಸಂಗೀತದ ಒಲವು ಮೂಡಿತು. ಸಿತಾರ್ ವಾದನವನ್ನು ಕಲಿತರು. ಕಾನೂನು ಪದವಿ ಪಡೆದು ವಕೀಲಿ ವೃತ್ತಿಯನ್ನು ಕೈಗೊಂಡರು. 1900ರಲ್ಲಿ ಪತ್ನಿಯನ್ನೂ 1903ರಲ್ಲಿ ಮಗಳನ್ನೂ ಕಳೆದುಕೊಂಡರು. ಆ ದುಃಖದಲ್ಲಿ ಅವರು ಕುಗ್ಗಿ ಕುಳಿತುಕೊಳ್ಳಲಿಲ್ಲ. ವಕೀಲಿಯನ್ನು ತೊರೆದು ಸಂಗೀತಶೋಧನೆಗೆ ಹೊರಟರು.

ಆ ಕಾಲದಲ್ಲಿ ರಾಗವಿದ್ಯೆಯು ಬಹುಮಟ್ಟಿಗೆ ಘರಾಣೆಗಳ ಗುಟ್ಟಾಗಿತ್ತು. ಒಂದೇ ರಾಗವನ್ನು ಒಬ್ಬೊಬ್ಬ ಉಸ್ತಾದರು ಒಂದೊಂದು ಬಗೆಯಲ್ಲಿ ಹಾಡಿ, ತಮ್ಮದೇ ಶುದ್ಧವೆನ್ನುತ್ತಿದ್ದರು. ಅನೇಕರು ತಮ್ಮ ಚೀಜುಗಳನ್ನು ಮನೆತನದ ಆಸ್ತಿಯಂತೆ ಕಾಯ್ದುಕೊಂಡಿದ್ದರು. ಭಾತಖಂಡೆಯವರು ಊರೂರು ಅಲೆದು, ಶಿಷ್ಯರಾಗಿ ತಲೆಬಾಗಿ, ಅವನ್ನು ಸಂಗ್ರಹಿಸಿದರು. ಪ್ರತಿಯೊಂದು ರಾಗವನ್ನು ಕುರಿತೂ ಅವರು ಅರಸುತ್ತಿದ್ದುದು ಇವನ್ನೇ: ಅದರ ಸ್ವರಗಳು ಯಾವುವು? ಆರೋಹಣ ಅವರೋಹಣಗಳು ಹೇಗೆ? ವಾದಿ ಸಂವಾದಿಗಳು ಯಾವುವು? ಹಾಡುವ ವೇಳೆ ಯಾವುದು?

1904ರಲ್ಲಿ ಅವರು ದಕ್ಷಿಣದಲ್ಲಿ ಪ್ರವಾಸ ಮಾಡಿದರು. ಎಟ್ಟಯಾಪುರದಲ್ಲಿ ಸುಬ್ಬರಾಮ ದೀಕ್ಷಿತರನ್ನು ಕಂಡು ಚರ್ಚಿಸಿದರು. ವೆಂಕಟಮಖಿಯ 72 ಮೇಳಗಳ ವ್ಯವಸ್ಥೆಯು ಅವರ ಮನಸ್ಸನ್ನು ಬಲವಾಗಿ ಸೆಳೆಯಿತು. ಅದೇ ಬಗೆಯಲ್ಲಿ ಹಿಂದೂಸ್ತಾನಿ ರಾಗಗಳನ್ನು ಅವರು 10 ಥಾಟುಗಳಲ್ಲಿ ವಿಂಗಡಿಸಿದರು. ಇದರಿಂದ ಬಿಲಾವಲ್ ಥಾಟಿನ ಸ್ವರಗಳೇ ಶಂಕರಾಭರಣದ ಸ್ವರಗಳೆಂದು ಎರಡೂ ಪದ್ಧತಿಯವರು ಸುಲಭವಾಗಿ ಅರಿಯುವಂತಾಯಿತು. ಕೋಮಲ ಸ್ವರದ ಕೆಳಗೆ ಅಡ್ಡಗೆರೆ, ತೀವ್ರ ಮಧ್ಯಮದ ಮೇಲೆ ನೆಟ್ಟಗೆರೆ. ಇಂತಹ ಸರಳ ಲಿಪಿಯಲ್ಲಿ ನೂರಾರು ಚೀಜುಗಳನ್ನು ಬರೆದು 'ಕ್ರಮಿಕ ಪುಸ್ತಕ ಮಾಲಿಕಾ' ಎಂಬ 6 ಸಂಪುಟಗಳಲ್ಲಿ ಸೇರಿಸಿದರು. ಮನೆತನಗಳ ಗುಟ್ಟು ಎಲ್ಲರ ಸೊತ್ತಾಯಿತು.

ಈ ವಿಂಗಡಣೆಗೆ ಆಕ್ಷೇಪಗಳು ಬಾರದಿರಲಿಲ್ಲ. ಎಲ್ಲ ರಾಗಗಳೂ 10 ಥಾಟುಗಳಲ್ಲಿ ಸರಿಯಾಗಿ ಹೊಂದುವುದಿಲ್ಲವೆಂದು ವಿದ್ವಾಂಸರು ತೋರಿಸಿದ್ದಾರೆ. ಗುರುವಿನ ಕಂಠದಿಂದ ಕಲಿಯಬೇಕಾದ ನಯವನ್ನು ಗೆರೆಗಳು ಕಲಿಸಲಾರವು ಎಂಬುದೂ ನಿಜ. ಆದರೆ ಹೀಗೆ ವಾದಿಸುವವರಿಗೂ ಮಾತಿನ ನೆಲೆಯನ್ನು ಒದಗಿಸಿದವರು ಭಾತಖಂಡೆಯವರೇ.

1916ರಲ್ಲಿ ಬರೋಡದಲ್ಲಿ ಅವರ ಪ್ರಯತ್ನದಿಂದ ಪ್ರಥಮ ಅಖಿಲ ಭಾರತ ಸಂಗೀತ ಸಮ್ಮೇಳನವು ನೆರವೇರಿತು. 1918ರಲ್ಲಿ ಗ್ವಾಲಿಯರಿನಲ್ಲಿಯೂ 1926ರಲ್ಲಿ ಲಕ್ನೋದಲ್ಲಿಯೂ ಸಂಗೀತ ವಿದ್ಯಾಲಯಗಳು ಆರಂಭವಾದವು. ಲಕ್ನೋದ ವಿದ್ಯಾಲಯವು ಬೆಳೆದು ಇಂದು ಅವರ ಹೆಸರನ್ನು ಹೊತ್ತ ವಿಶ್ವವಿದ್ಯಾಲಯವಾಗಿದೆ. ಕೊನೆಯ ವರ್ಷಗಳಲ್ಲಿ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಅವರು 1936ರ ಸೆಪ್ಟೆಂಬರ್ 19ರಂದು ನಿಧನ ಹೊಂದಿದರು.

ನಮ್ಮ ನಾಡಿನಲ್ಲಿ ಧಾರವಾಡದ ಕಡೆ ಹಿಂದೂಸ್ತಾನಿಯೂ ಮೈಸೂರಿನ ಕಡೆ ಕರ್ಣಾಟಕ ಸಂಗೀತವೂ ಬೆಳೆದಿವೆ. ಧಾರವಾಡದವನು ಮಾಲಕಂಸವನ್ನು ಮೆಚ್ಚಿ ನುಡಿದಾಗ, ತನ್ನ ಹಿಂದೋಳದ ಸ್ವರಗಳೂ ಅವೇ ಎಂದು ಮೈಸೂರಿನವನು ಹೇಳಬಲ್ಲನು. ಅಂತಹ ಸಂವಾದವನ್ನು ಸುಗಮಗೊಳಿಸಿದವರಲ್ಲಿ ಭಾತಖಂಡೆಯವರು ಪ್ರಾತಃಸ್ಮರಣೀಯರು.